ಹೆಬ್ಬೆರಳಿಗೆ ತಾಗದ ನೀರು

ಮಂಕೆಸಿಮ್ ಸಂತೆಯಲ್ಲಿ ನನ್ನದು ಮೂರನೇ ಸಾಲು,
ಒಣಮೀನಿನವಳ ಪಕ್ಕ, ಹೊಲಿಗೆ ಯಂತ್ರದವನ ಎದುರು.
ಮರಗೆಣಸು ತುರಿದು, ಹಿಂಡಿ, ಹುರಿದ ಗಾರಿ ಮಾರುತ್ತೇನೆ.
ಅಳೆಯಲು ಒಂದು ತಗಡಿನ ಡಬ್ಬಿ, ಓಲೊಂಕಾ,
ಸೋದರತ್ತೆ ಅರಾಬಾ ಬಿಟ್ಟುಹೋದದ್ದು.
ಅದರ ತಳ ಒಳಕ್ಕೆ ಉಬ್ಬಿತ್ತು.
ತಾನಾಗಿ ಉಬ್ಬಿದ್ದಲ್ಲ.

ಅತ್ತೆ ಕೆಟ್ಟವಳೇನಲ್ಲ.
ಭಾನುವಾರ ಬಿಳಿ ಉಡುಪು, ಬಿಳಿ ತಲೆವಸ್ತ್ರ,
ಕೀರ್ತನೆಯಲ್ಲಿ ಎಲ್ಲರಿಗಿಂತ ಮೇಲೆ ಅವಳ ದನಿ.
ಸೋಮವಾರ ಕಲ್ಲಿನ ಮೇಲೆ ಡಬ್ಬಿ ಬೋರಲು ಹಾಕಿ
ಒನಕೆಯ ತುದಿಯಿಂದ ಒಂದೇ ಪೆಟ್ಟು, ಮೆತ್ತಗೆ,
ಮಗುವಿನ ಬೆನ್ನು ತಟ್ಟಿ ಮಲಗಿಸಿದ ಹಾಗೆ.
"ಒಂದು ಹಿಡಿಗೆ ಯಾರ ಒಲೆ ಆರಿಹೋಗುತ್ತೆ?" ಎನ್ನುವಳು.
ಆ ಹಿಡಿಹಿಡಿಯಲ್ಲೇ ನನ್ನ ಶಾಲೆಯ ಫೀಸು,
ನನ್ನ ಚಪ್ಪಲಿ, ಮಲೇರಿಯಾದ ಮಾತ್ರೆ.
ನನ್ನ ಮೂಳೆಯಲ್ಲಿ ಎಷ್ಟು ಮನೆಗಳ
ಅರೆಹೊಟ್ಟೆ ಇದೆಯೋ, ಲೆಕ್ಕ ಇಟ್ಟವರಿಲ್ಲ.

ಇಪ್ಪತ್ತೆರಡಕ್ಕೆ ನನಗೆ ದೀಕ್ಷಾಸ್ನಾನ.
ಪಾಸ್ಟರ್ ಎಸ್ಸುಮನ್ ಬೊಗಸೆಯಲ್ಲಿ ನೀರೆತ್ತಿ ಹೊಯ್ದರು.
ಹಣೆ ನೆನೆಯಿತು, ಕಣ್ಣು ನೆನೆಯಿತು,
ಹೊಸ ಕುಪ್ಪಸದ ಕೊರಳು ನೆನೆಯಿತು.
ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

ಮರುದಿನವೇ ಡಬ್ಬಿಯನ್ನು ತಗಡಿನ ಎಬೋನ ಬಳಿಗೆ ಒಯ್ದೆ.
"ತಳ ಇಳಿಸಬೇಕೆ? ಎಲ್ಲರೂ ಏರಿಸಿಕೊಂಡು ಹೋಗುತ್ತಾರಲ್ಲ!"
ನಕ್ಕ, ದುಡ್ಡು ತೆಗೆದುಕೊಳ್ಳಲಿಲ್ಲ.
ತಳ ಚಪ್ಪಟೆಯಾಯಿತು, ಮಡಿಕೆಯ ಗೆರೆ ಮಾತ್ರ ಉಳಿಯಿತು.

ಆಮೇಲೆ ಒಂದು ತಿಂಗಳು ನಾನು ಸಂತೆಗೇ ದೊಡ್ಡವಳು.
ಡಬ್ಬಿ ತುಂಬಿ, ಮೇಲೆ ಗೋಪುರ ಕಟ್ಟಿ,
ಗೋಪುರದ ಮೇಲೆ ಇನ್ನೊಂದು ಚಿಟಿಕೆ,
ಗಿರಾಕಿಗಿಂತ ಮೊದಲು ಅಕ್ಕಪಕ್ಕ ನೋಡಿ.
ಪಾಸ್ಟರ್ ಉಪದೇಶದಲ್ಲಿ ಹೆಸರು ಹೇಳದೆ ನನ್ನನ್ನೇ ಹೇಳಿದರು;
ನಾನು ತಲೆ ತಗ್ಗಿಸಿದೆ, ಎಲ್ಲರಿಗೂ ಕಾಣುವಷ್ಟು.
ಕರ್ತನೇ, ಆ ತಿಂಗಳು ನಾನು ಮಾರಿದ್ದು ಗಾರಿಯಲ್ಲ,
ನನ್ನನ್ನೇ ರಾಶಿ ಹಾಕಿ ಮಾರಿದೆ.

ನಂತರ ಮಳೆ ತಪ್ಪಿತು, ಗೆಣಸಿನ ಬೆಲೆ ಏರಿತು,
ಮಗನಿಗೆ ಜ್ವರ, ಕಟ್ಟೆಯ ಬಾಡಿಗೆ ಎರಡು ವಾರದ್ದು ಬಾಕಿ.
ಒಬ್ಬ ಹುಡುಗ ಬಂದ, ಆರು ವರ್ಷವಿದ್ದೀತು,
ನಾಣ್ಯ ಬಾಯಲ್ಲಿ, ಬಟ್ಟೆಯ ಗಂಟು ಕೈಯಲ್ಲಿ.
ಅವನ ಕಣ್ಣು ಹೊಲಿಗೆ ಯಂತ್ರದ ಚಕ್ರದ ಮೇಲೆ.
ಅಳೆದೆ, ಸುರಿದೆ, ಕಟ್ಟಿಕೊಟ್ಟೆ, ಹೋದ.

ಆಗ ನೋಡಿದೆ: ನನ್ನ ಬಲ ಹೆಬ್ಬೆರಳು
ಗಿಣ್ಣಿನವರೆಗೆ ಗಾರಿಯ ಹುಡಿ ಮೆತ್ತಿ ಬೆಳ್ಳಗೆ,
ಭಾನುವಾರದ ಉಡುಪಿನಷ್ಟು ಬೆಳ್ಳಗೆ.
ಡಬ್ಬಿಯೊಳಗೆ ಅದು ಯಾವಾಗ ಇಳಿಯಿತೋ!
ನಾನು ಇಳಿಸಲಿಲ್ಲ ಎನ್ನುವಂತಿಲ್ಲ,
ಇಳಿಸಿದೆ ಎಂದರೂ ಪೂರ್ತಿ ನಿಜವಲ್ಲ.
ಅತ್ತೆಯ ಒನಕೆ ತಗಡಿನಿಂದ ಎದ್ದು
ನನ್ನ ಬೆರಳಲ್ಲಿ ಬಂದು ಕೂತಿತ್ತು.

ಒಂದು ಹಿಡಿ ಗಾರಿ ಹಿಡಿದು ಓಡಿದೆ.
"ಏ ಹುಡುಗಾ, ನಿಲ್ಲು!"
ಅವನು ತಿರುಗಿ ನೋಡಿದ. ಗಂಟನ್ನು ಎದೆಗವಚಿಕೊಂಡು
ಲಾರಿಗಳ ನಡುವೆ ಓಟ ಕಿತ್ತ.
ಜನ ಅವನ ಕಡೆಗೇ ಕೈ ತೋರಿಸಿದರು.
ಕಳ್ಳಿ ನಾನು. ಓಡಿದವನು ಅವನು.
ಹಿಡಿಯಲ್ಲಿದ್ದ ಗಾರಿ ಬೆವರಿಗೆ ಮುದ್ದೆಯಾಯಿತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ.
ನನ್ನದು ಹುಟ್ಟಿದ್ದಲ್ಲ, ಸಾಕಿದ್ದು;
ಇನ್ನೊಂದನ್ನೂ ಸಾಕಿದರೆ ಬೆಳೆದೀತೇನೋ.
ಈಗ ಅಳೆಯುವಾಗ ಹೆಬ್ಬೆರಳನ್ನು ಹೊರಗೆ ಮಡಚುತ್ತೇನೆ,
ಸಂತೆಯ ದಿನ ಎಪ್ಪತ್ತೋ ಎಂಬತ್ತೋ ಸಲ.
ಬೇಸರ ಬರುತ್ತದೆ. ಗಿಣ್ಣು ನೋಯುತ್ತದೆ.
ಕೆಲವು ಸಂತೆ ಮರೆತೂ ಬಿಡುತ್ತೇನೆ,
ಮಡಚುವುದನ್ನಲ್ಲ,
ಮಡಚುತ್ತಿದ್ದೇನೆ ಎಂಬುದನ್ನು.
ಆ ಸಂತೆಗಳ ಬಗ್ಗೆ ಪಾಸ್ಟರಿಗೆ ಹೇಳಿಲ್ಲ.

ತಳದ ಗೆರೆಯಲ್ಲಿ ಸಿಕ್ಕಿಕೊಂಡ ಹುಡಿಯೂ ಬೀಳಲೆಂದು
ಡಬ್ಬಿ ಬೋರಲು ಹಿಡಿದು ಎರಡು ಸಲ ತಟ್ಟುತ್ತೇನೆ.
ಒಣಮೀನಿನವಳು ನೊಣ ಓಡಿಸುತ್ತಾ ಕೇಳುತ್ತಾಳೆ:
"ಯಾರ ಮನೆ ಬಾಗಿಲು ಬಡೀತೀಯೇ ಹಾಗೆ,
ಬೆಳಗಿನಿಂದ?"